ಎಟುಕದ ಮಂದ್ರ

ಎಡಗೈಯ ಎರಡು ಬೆರಳು ಅಂಗೈಯತ್ತ ಬಾಗತೊಡಗಿ ವರ್ಷಗಳೇ ಆಗಿದ್ದವು. ಗೋಡೆಲೀವ, ಎಲ್ಲರ ಬಾಯಲ್ಲಿ ಲೀವ, ಅದನ್ನು ಯಾರಿಗೂ ಹೇಳಿರಲಿಲ್ಲ. ಗೆಂಟ್ ಊರಿನ ಹೂವಿನ ಅಂಗಡಿಯಲ್ಲಿ ಗುಚ್ಛ ಕಟ್ಟುವುದು ಅವಳ ಕೆಲಸ. ಬಲಗೈ ಚುರುಕಾಗಿದ್ದರೆ ಅಲ್ಲಿ ಹೇಗೋ ನಡೆದುಹೋಗುತ್ತಿತ್ತು. ಅಪ್ಪನ ಕೈಯೂ ಹೀಗೇ ಬಾಗಿ ಬಾಗಿ ಕಡೆಗೆ ಮುಷ್ಟಿಯಾಗಿ ನಿಂತದ್ದನ್ನು ಅವಳು ಕಂಡಿದ್ದಳು. ಹೆದರಿಸಲು ಡಾಕ್ಟರೇ ಬೇಕಿರಲಿಲ್ಲ.

ತಿಂಗಳಿಗೊಂದು ಭಾನುವಾರ ಗೆಳತಿ ಡೆನೀಸ್ ಮನೆಯಲ್ಲಿ ಲೀವಳಂಥ ಹಾರ್ಪ್ಸಿಕಾರ್ಡ್ ಹುಚ್ಚಿನವರು ಸೇರುತ್ತಿದ್ದರು. ಪಿಯಾನೋಗಿಂತ ಹಳೆಯದು, ತಂತಿಯನ್ನು ಬಡಿಯದೆ ಮೀಟುವ ವಾದ್ಯ. ಕೀಯಿಂದ ಬೆರಳೆತ್ತಿದರೆ ಸ್ವರ ಅಲ್ಲೇ ಸತ್ತುಹೋಗುತ್ತದೆ. ಮುನ್ನೂರು ವರ್ಷದ ಹಿಂದಿನ ರೀತಿಯಲ್ಲಿ ಹೊಸ ಕೃತಿ ಬರೆದು ತರಬೇಕು, ಬರೆದವರೇ ನುಡಿಸಬೇಕು. ಆಮೇಲೆ ಬಂದ ಸಂಗೀತವೆಲ್ಲ ಇವರ ಪಾಲಿಗೆ ಗಲಾಟೆ. ಎರಡು ಸ್ವರಸಾಲುಗಳು ಹಳೆಯ ನಿಯಮ ಮೀರಿ ಜೋಡಿಯಾಗಿ ಓಡಿದ್ದು ಸಿಕ್ಕಿಬಿದ್ದರೆ, ಬರೆದವರು ಮುಂದಿನ ಸಲ ಎಲ್ಲರಿಗೂ ಅಕ್ಕಿ ಟಾರ್ಟ್ ಎಂಬ ಸಿಹಿತಿಂಡಿ ತರಬೇಕು. ಅಂಥ ತಪ್ಪನ್ನು ಮೂಸಿ ಹಿಡಿಯುವವನು ಯೋರಿಸ್. ಒಂದು ಕಾಲಕ್ಕೆ ಟ್ರಾಮ್ ಓಡಿಸುತ್ತಿದ್ದವನು, ಈಗ ನುಡಿಸುವವರ ಎಡಕ್ಕೆ ನಿಂತು ಪುಟ ತಿರುಗಿಸುವವನು.

ನುಡಿಸಲಾಗದವರಿಗೆ ಕಿಟಕಿ ಪಕ್ಕದ ಕುರ್ಚಿ. ಮುದುಕ ಗಾಸ್ಪರ್ ಕೆಲವು ಸಲ ಅಲ್ಲಿ ಕೂತ. ಎಲ್ಲರೂ ಅವನಿಗೇ ಮೊದಲು ಕಾಫಿ ಕೊಟ್ಟರು, ಮೆತ್ತಗೆ ಮಾತಾಡಿಸಿದರು. ಆಮೇಲೆ ಅವನು ಬರುವುದನ್ನೇ ಬಿಟ್ಟ. ಲೀವ ಆ ಕುರ್ಚಿಯ ಹತ್ತಿರವೂ ಸುಳಿಯುತ್ತಿರಲಿಲ್ಲ.

ಅಲ್ಲಿ ಕೂರದಿರಲು ಅವಳು ಒಂದು ಉಪಾಯ ಹುಡುಕಿಕೊಂಡಿದ್ದಳು. ಡೆನೀಸಳ ವಾದ್ಯ ಬಹಳ ಹಳೆಯ ಮಾದರಿ. ಅದರ ಎಡತುದಿಯಲ್ಲಿ ಕೀಗಳ ಕ್ರಮವೇ ಬೇರೆ. ಎಲ್ಲಕ್ಕಿಂತ ಕೆಳಗಿನ ಮಂದ್ರ ಸ್ವರ, ಇರಬೇಕಾದ ಜಾಗಕ್ಕಿಂತ ಎರಡು ಕೀ ಹತ್ತಿರದಲ್ಲಿ ಕೂತಿತ್ತು. ಬಾಗಿದ ಕೈಗೂ ಅದು ಎಟುಕುತ್ತಿತ್ತು. ಲೀವ ತನ್ನ ಕೃತಿಗಳನ್ನೆಲ್ಲ ಅದೊಂದು ವಾದ್ಯಕ್ಕೇ ಅಳತೆ ಹಿಡಿದು ಬರೆದಳು.

"ನಿಂದು ಕೈಯೋ ಸಲಿಕೆಯೋ?" ಎಂದು ಡೆನೀಸ್, ಹಾಳೆಯ ಮೇಲೆ ಅಷ್ಟು ದೂರವಿದ್ದ ಸ್ವರಗಳನ್ನು ನೋಡಿ ಬೆರಗಾಗುತ್ತಿದ್ದಳು. ಲೀವ ನಕ್ಕು ಕೈಯನ್ನು ಕೋಟಿನ ಜೇಬಿಗೆ ಸೇರಿಸುತ್ತಿದ್ದಳು.

ಆ ಭಾನುವಾರ ಬಾಗಿಲಲ್ಲೇ ಡೆನೀಸ್ ತನ್ನ ಹಳೆಯ ವಾದ್ಯದ ಸುದ್ದಿ ಹೇಳಿದಳು: "ನಮ್ಮಜ್ಜಿ ರಿಪೇರಿಗೆ ಹೋಗಿದಾಳೆ ಕಣೆ. ಹೀಟರ್ ಕಾವಿಗೆ ಹಲಗೆ ಸೀಳು ಬಿಡ್ತು. ಒಳಗಿರೋದು ಎರವಲು. ಭಯ ಬೇಡ, ಇದರಲ್ಲಿ ಎಡತುದಿ ಕೀಗಳೂ ಇರಬೇಕಾದ ಜಾಗದಲ್ಲೇ ಇವೆ."

ಅಂದರೆ ಮಂದ್ರ ಸ್ವರ ಈಗ ಎರಡು ಕೀ ದೂರ ಎಂದು ಲೀವ ಲೆಕ್ಕ ಹಾಕಿದಳು. ತಲೆನೋವು ಎಂದು ಹೇಳಿ ಹೊರಟುಬಿಡಲೇ? ಗಾಸ್ಪರ್ ಕೂಡ ತಲೆನೋವಿನಿಂದಲೇ ಶುರುಮಾಡಿದ್ದ. ಅವಳು ಹೋಗಿ ವಾದ್ಯದ ಮುಂದೆ ಕೂತಳು.

ನಿಧಾನದ ನೃತ್ಯಗತಿ, ಸುಮಾರಾಗಿ ಸಾಗಿತು. ಆದರೆ ಅವಳ ಕಿವಿ ನುಡಿಸುತ್ತಿದ್ದ ಸಾಲಿನ ಮೇಲಿರಲಿಲ್ಲ. ಕೊನೆಯ ಸಾಲಿಗೆ ಹೋಗಿ ಕೂತಿತ್ತು. ಅಲ್ಲಿ ಮಂದ್ರ ಸ್ವರವನ್ನು ಬಿಡದೆ ಒತ್ತಿ ಹಿಡಿದು, ಅದೇ ಕೈಯಿಂದ ಮೇಲಿನದನ್ನೂ ನುಡಿಸಬೇಕಿತ್ತು. ಸಾಲು ಬಂತು. ಮಂದ್ರದ ಕೀ ಒತ್ತಿ ಕೈ ಚಾಚಿದಳು. ಸಾಲಲಿಲ್ಲ. ಮಂದ್ರವನ್ನು ಬಿಟ್ಟು ಮೇಲಕ್ಕೆ ಹಾರದೆ ಬೇರೆ ದಾರಿಯಿರಲಿಲ್ಲ.

ಸ್ವರ ಸಾಯಲಿಲ್ಲ. ಅವಳ ಬೆರಳು ಏಳುವ ಮೊದಲೇ ಯೋರಿಸನ ದಪ್ಪ ಬೆರಳು ಅದೇ ಕೀಯ ಮೇಲೆ ಬಂದು ಕೂತಿತ್ತು. ಕೃತಿ ಮುಗಿಯುವವರೆಗೂ ಅದು ಅಲ್ಲಾಡಲಿಲ್ಲ.

ಲೀವಳಿಗೆ ಮೊದಲು ಬಂದದ್ದು ಸಿಟ್ಟು. "ಯಾವಾಗಿಂದ ಗೊತ್ತು?" ಎಂದು ತಲೆಯೆತ್ತದೆ ಕೇಳಿದಳು.

"ಪುಟ ತಿರುಗಿಸೋನಿಗೆ ಕೈಯಲ್ಲದೆ ಇನ್ನೇನ್ ಕಾಣುತ್ತೆ?"

"ಬರೆದವರೇ ನುಡಿಸ್ಬೇಕು ಅಂತಲ್ವಾ ನಿಯಮ?" ಡೆನೀಸಳ ದನಿ ಬಿಗಿಯಾಗಿತ್ತು.

"ನಾನೆಲ್ಲಿ ನುಡಿಸ್ದೆ? ನುಡಿಸಿದ್ದು ಅವಳು. ನಾನು ಹಿಡ್ಕೊಂಡೆ, ಅಷ್ಟೆ. ಅದಿರ್ಲಿ, ಎರಡನೇ ಸಾಲಲ್ಲಿ ಜೋಡಿ ಓಟ ಇದೆ. ಮುಂದಿನ ಸಲ ಟಾರ್ಟ್ ಇವಳದ್ದು."

ಡೆನೀಸಳ ಕಣ್ಣು ಲೀವಳ ಎಡಗೈಯ ಮೇಲೆ ನಿಂತಿತು. ಈಗ ಮುಚ್ಚಿಕೊಂಡು ಪ್ರಯೋಜನವಿರಲಿಲ್ಲ. ಡೆನೀಸ್ ಒಳಗೆ ಹೋಗಿ ಕಾಫಿ ತಟ್ಟೆ ಹಿಡಿದು ಬಂದಳು. ಗಾಸ್ಪರನಿಗೆ ಮೊದಲು ಕೊಡುತ್ತಿದ್ದ ಕಾಫಿ ನೆನಪಾಗಿ ಲೀವ ತಟ್ಟೆಯನ್ನೇ ನೋಡಿದಳು.

ಮೊದಲ ಕಪ್ಪು ಯೋರಿಸನಿಗೆ ಹೋಯಿತು. ಆಮೇಲೆ ಪಕ್ಕದವರಿಗೆ, ಅವರ ಪಕ್ಕದವರಿಗೆ. ಲೀವಳಿಗೆ ಸಿಕ್ಕಿದ್ದು ಎಲ್ಲರಿಗಿಂತ ಕೊನೆಗೆ, ಅರ್ಧ ಆರಿಹೋದದ್ದು. ಅವಳು ಅದನ್ನು ಒಂದು ಹನಿ ಬಿಡದೆ ಕುಡಿದಳು.