ಮೈಲೇಜ್ ಕಾರಿನ ವಾರಿಜಾ

ಬೆಳಕು ಹರಿಯುವ ಮೊದಲೇ ಕುಕ್ಕುಂದೂರಿನ ವಾರಿಜಾ ಕುಚ್ಚಲಕ್ಕಿ ಬೇಯಲಿಟ್ಟು, ಅತ್ತೆಗೆ ಮಾತ್ರೆ ಕೊಟ್ಟು, ಗಂಡನ ಶರ್ಟಿಗೆ ಇಸ್ತ್ರಿ ಹಾಕಿ, ಹೈಬ್ರಿಡ್ ಕಾರಿನ ಗಾಜು ಒರೆಸಿರುತ್ತಾಳೆ. ಕೆಲಸಕ್ಕೆಂದು ದಿನಾ ಮಣಿಪಾಲದವರೆಗೆ ಓಡಿಸುವವಳು ಅವಳು. ಪಕ್ಕದಲ್ಲಿ ಕುಳಿತು ಮೈಲೇಜ್ ನೋಡುವವನು ಗಂಡ ಜಿತೇಂದ್ರ. "ಬ್ರೇಕ್ ಮೆಲ್ಲ ಒತ್ತು ಮಾರಾಯ್ತಿ, ಬ್ಯಾಟರಿ ಚಾರ್ಜ್ ಆಗ್ಲಿ!" ಮದುವೆಯೂಟದಲ್ಲೂ ಅವನದು ಅದೇ ಮಾತು: "ನಮ್ಮ ಕಾರು ಪೆಟ್ರೋಲ್ ಕುಡಿಯುದಿಲ್ಲ, ಮೂಸಿ ನೋಡ್ತದೆ ಅಷ್ಟೆ." ವಾರಿಜಾ ನಗುತ್ತಾಳೆ. ಕಳೆದ ಮಳೆಗಾಲದಲ್ಲಿ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಸವೆದ ಟಯರು ಜಾರಿ ಕಾರು ಬಸ್ಸಿನೆದುರು ಅಡ್ಡ ನಿಂತದ್ದನ್ನು ಅತ್ತೆ ಸೊಸೆ ಇಬ್ಬರೂ ಅವನಿಗೆ ಹೇಳಿಲ್ಲ; ಹೇಳಿದರೆ ತಪ್ಪು ಟಯರಿನದಲ್ಲ, ವಾರಿಜಾಳ ಡ್ರೈವಿಂಗಿನದಾಗುತ್ತದೆ. ಇಂದು ಟಯರ್ ಬದಲಿಸಲು ಅವಳೊಬ್ಬಳೇ ಹೋದಾಗ ಅಂಗಡಿಯವನು ಎರಡು ಬಗೆ ತೋರಿಸಿ, "ಇದರಲ್ಲಿ ಮೈಲೇಜ್ ಜಾಸ್ತಿ, ಅದರಲ್ಲಿ ಮಳೆಗೆ ಹಿಡಿತ ಜಾಸ್ತಿ. ಸರ್ ಹತ್ರ ಕೇಳ್ತೀರಾ ಅಕ್ಕ?" ಎಂದ. ವಾರಿಜಾ ಫೋನ್ ಹೊರತೆಗೆಯಲಿಲ್ಲ. "ಹಿಡಿತದ್ದೇ ಹಾಕಿ, ನಾಲ್ಕಕ್ಕೂ" ಎಂದಳು.