ಕಾತ್ಯಾಯಿನಿಯ ತರಗೆಲೆ

ಅಮೆರಿಕದ ಕ್ಯಾರಿ ಊರಿನ ಕನ್ನಡ ಹೆಂಗಸರ ವಾಟ್ಸ್ಯಾಪ್ ಗ್ರೂಪಿನಲ್ಲಿ ಕಾತ್ಯಾಯಿನಿ ಮಾಡಿದ್ದೇ ಕಾಯಿದೆ. ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಪಾಟ್‌ಲಕ್ಕಿಗೆ ಅವಳು ಸ್ಟೀಲ್ ತಟ್ಟೆ ಹೊತ್ತುಕೊಂಡು ಬಂದಳು. ಮುಂದಿನ ಸಲ ಪೇಪರ್ ತಟ್ಟೆ ತಂದ ಇನ್ನೊಬ್ಬಳು ಕದ್ದ ಮಾಲಿನಂತೆ ಅದನ್ನು ಕಾರಿನಲ್ಲೇ ಬಿಟ್ಟಳು. ಯಾರೂ ಯಾರಿಗೂ ಬೈದಿರಲಿಲ್ಲ. ಭೂಮಿ ಉಳಿಸಿ ಎಂದು ಎಷ್ಟು ಭಾಷಣ ಮಾಡಿದರೂ ಅಲ್ಲಾಡದ ನಾವು, ಪಕ್ಕದ ಮನೆಯವಳ ಒಂದು ಫೋಟೊ ನೋಡಿದರೆ ಸಾಕು, ಎದ್ದು ಕೂರುತ್ತೇವೆ.

ಹೋದ ಶರತ್ಕಾಲದಲ್ಲಿ ಅವಳು ತನ್ನ ಹಿತ್ತಲಿನ ಫೋಟೊ ಹಾಕಿ ಬರೆದಳು: ‘ಎಲೆ ಗುಡಿಸಬೇಡಿ, ಗಿಡದ ಬುಡದಲ್ಲೇ ಬಿಡಿ. ಮಿಂಚುಹುಳ ಬರುತ್ತೆ.’ ‘ಹಾವೂ ಬರುತ್ತೆ’ ಎಂದಳು ನಿಧಿ. ಕಾತ್ಯಾಯಿನಿ ನಗುವ ಮುಖ ಒತ್ತಿದಳು. ಗ್ರೂಪಿಗೆ ಗ್ರೂಪೇ ನಕ್ಕಿತು, ನಿಧಿ ತೆಪ್ಪಗಾದಳು. ಯಾರ ಹಿತ್ತಲಿನಲ್ಲೂ ಯಾರೂ ಎಲೆ ಮುಟ್ಟಲಿಲ್ಲ.

ಜೂನ್ ತಿಂಗಳ ಒಂದು ಸಂಜೆ ಗಿಡಕ್ಕೆ ನೀರು ಬಿಡುವಾಗ ಕಾತ್ಯಾಯಿನಿಯ ಹಿತ್ತಲಿನ ಎಲೆಗಳ ನಡುವೆ ಒಂದಿಷ್ಟು ಎಲೆ ಮಾತ್ರ ಸರಿದಾಡಿತು. ಕಾಪರ್‌ಹೆಡ್. ವಿಷದ ಹಾವು, ಬಣ್ಣವೂ ಒಣಗಿದ ಎಲೆಯದೇ. ಹಿಂದೆ ಸರಿದು ಫೋಟೊ ತೆಗೆದಳು.

“ಗ್ರೂಪಿಗೆ ಹಾಕು ಕಣೇ” ಎಂದ ಗಂಡ ಹರಿಪ್ರಸಾದ. “ಎಲ್ರೂ ನಿನ್ ಮಾತು ಕೇಳ್ಕೊಂಡು ಎಲೆ ಹಾಗೇ ಬಿಟ್ಟಿದಾರೆ.”

“ಹಾಕ್ತೀನಿ, ಇರ್ರಿ.”

ಟೈಪ್ ಮಾಡಿದಳು. ನಿಧಿಯ ಮುಖ ನೆನಪಾಯಿತು. ಅಳಿಸಿದಳು. ವೀಕೆಂಡಿಗೆ ಸದ್ದಿಲ್ಲದೆ ತನ್ನ ಎಲೆ ಗುಡಿಸಿ ಹಾಕಿದರಾಯಿತು ಅಂದುಕೊಂಡಳು. ಮಾನ ಹೋಗುವ ಭಯ ಹಾವಿನ ಭಯಕ್ಕಿಂತ ದೊಡ್ಡದಾಗಿತ್ತು.

ಮರುದಿನ ಸಂಜೆ ರಚನಾ ಒಂದು ಫೋಟೊ ಕಳಿಸಿದಳು. ದಾವಣಗೆರೆಯಿಂದ ಬಂದಿದ್ದ ಅವಳ ಅತ್ತೆ ಸಿದ್ದೇಶ್ವರಿ ಹಿತ್ತಲಿನ ಕುಂಡದ ಮಲ್ಲಿಗೆ ಮೊಗ್ಗು ಬಿಡಿಸುತ್ತಿದ್ದರು. ದೇವರ ಹೂವಿಗೆ ಚಪ್ಪಲಿ ಮೆಟ್ಟಿ ಹೋಗುವ ಹೆಂಗಸಲ್ಲ ಅವರು. ಬರಿಗಾಲು, ಹಿಮ್ಮಡಿ ಮುಳುಗುವಷ್ಟು ತರಗೆಲೆ. ಕೆಳಗೆ ಬರೆದಿತ್ತು: ‘ಕಾತ್ಯಾಯಿನಿ ಹೇಳಿದ್ರು ಅಂತ ನಾವು ಒಂದೆಲೆನೂ ತೆಗೆದಿಲ್ಲ!’

ಕಾತ್ಯಾಯಿನಿ ತಕ್ಷಣ ರಚನಾಳಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಗ್ರೂಪಿನಲ್ಲಿ ಚಪ್ಪಾಳೆ, ಹೃದಯ, ಹೂವು ಒಂದರ ಹಿಂದೊಂದು ಬೀಳುತ್ತಲೇ ಇದ್ದವು.

ಅವುಗಳ ನಡುವೆ ರಚನಾಳ ವಾಯ್ಸ್ ಮೆಸೇಜ್ ಬಂತು: “ಅತ್ತೆಗೆ ಯಾವ್ದೋ ಹಾವು ಕಚ್ಚಿದೆ, ಕಾಲು ಊದ್ತಾ ಇದೆ. ಆಂಬುಲೆನ್ಸ್‌ಗೆ ಫೋನ್ ಮಾಡಿದ್ರೆ ನೈನ್ ಒನ್ ಒನ್‌ನವ್ರು ಯಾವ ಹಾವು ಅಂತ ಕೇಳ್ತಿದಾರೆ. ನಿಮ್ ಯಾರ್ದಾದ್ರೂ ಬ್ಯಾಕ್‌ಯಾರ್ಡಲ್ಲಿ ಹಾವು ನೋಡಿದೀರಾ? ಪ್ಲೀಸ್, ಬೇಗ!”

ಈ ಸಲ ಕಾತ್ಯಾಯಿನಿ ಯೋಚಿಸಲಿಲ್ಲ. ಫೋಟೊ ಕಳಿಸಿದಳು. ಹಾವಿನ ಹೆಸರು ಬರೆದಳು.

ತುಂಬ ಹೊತ್ತಿನ ಮೇಲೆ, ಆಸ್ಪತ್ರೆಯಿಂದ, ರಚನಾ ಒಂದೇ ಸಾಲು ಬರೆದಳು.

‘ಈ ಫೋಟೊ ಯಾವತ್ತು ತೆಗೆದಿದ್ದು?’