ಮಾವನ ಮೀಸೆಗೆ ಹುರಿದ ಮಸಿ

ಕೆಂಕೆರೆಯಲ್ಲಿ ಹುಟ್ಟುವ ಮಕ್ಕಳ ಕೆನ್ನೆಗೆಲ್ಲ ದೃಷ್ಟಿಬೊಟ್ಟಿನ ಕಾಡಿಗೆ ಹೋಗುವುದು ನಮ್ಮ ಸೋದರತ್ತೆ ಭೈರಮ್ಮನ ಮನೆಯಿಂದ. ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿ, ಕೂತ ಮಸಿಯನ್ನು ಕೆರೆದು ಬೆಣ್ಣೆಯಲ್ಲಿ ಕಲೆಸುತ್ತಾಳೆ. ಒರೆಸಿದರೆ ಸಲೀಸಾಗಿ ಹೋಗುವ ಮೆತ್ತನೆಯ ಕಾಡಿಗೆ. ಅತ್ತೆಯ ಬಾಯಿ ಮಾತ್ರ ಅಷ್ಟು ಮೆತ್ತಗಿಲ್ಲ.

ಅವಳ ಗಂಡ ದೊಡ್ಡರಂಗಯ್ಯ ಮಾವನದು ತೆಂಗಿನಕಾಯಿ ಸುಲಿಯುವ ಕೆಲಸ. ಊರಿನ ನಾಟಕದಲ್ಲಿ ಹರೆಯದಿಂದಲೂ ಅವನೇ ರಾಣಿ. ತೆಳುವಾದ ದನಿ, ಮೀಸೆ ನೆಟ್ಟಗೆ ಮೂಡದ ನುಣುಪು ಮುಖ. ಹುಳಿಯಾರು ಸಂತೆಯಲ್ಲಿ ಸೊಪ್ಪು ಮಾರುವ ಕಲ್ಲಮ್ಮನಿಗಂತೂ ಅತ್ತೆಯನ್ನು ಕಂಡರೆ ಸಾಕು, "ರಾಣಿಯಮ್ಮೋರು ಚೆನ್ನಾಗವ್ರಾ ಭೈರಕ್ಕ?" ಎಂದು ಕಿಚಾಯಿಸದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ. ಅತ್ತೆ ಅಲ್ಲೇ ಬೈದು ಬರುತ್ತಿದ್ದಳು. ಮಾವನ ಮುಂದೆ ಮಾತ್ರ ಅದರ ಸುದ್ದಿ ಎತ್ತುತ್ತಿರಲಿಲ್ಲ, ಅವನು ನೊಂದುಕೊಂಡಾನೆಂದು.

ಈಗ ಹೆಣ್ಣುಪಾತ್ರಕ್ಕೆ ತಿಪಟೂರಿನಿಂದ ನಟಿಯರೇ ಬರುತ್ತಾರೆ. ಹಾಗಾಗಿ ಈ ಸಲ ನಾಟಕದ ಮೇಷ್ಟ್ರು ಬಸವರಾಜಪ್ಪನವರು ಮಾವನಿಗೆ ರಾಜನ ಪಾತ್ರ ಕೊಟ್ಟರು. ಮಾವ ಕಾಯಿ ಸುಲಿಯುತ್ತಲೇ ಗರ್ಜಿಸುವುದನ್ನು ಕಲಿತ. ಅಂಟಿಸುವ ಮೀಸೆಯ ಗೋಂದಿಗೆ ಅವನಿಗೆ ಸೀನು ನಿಲ್ಲದು. ಅದಕ್ಕೇ ಅತ್ತೆ ತನ್ನ ಕಾಡಿಗೆಯಲ್ಲೇ ಮೀಸೆ ಬರೆದಳು.

ವೇಷ ಕಟ್ಟಿ ಅಭ್ಯಾಸ ಮಾಡಿದ ದಿನ, ಮೊದಲ ಪದ್ಯ ಮುಗಿಯುವಷ್ಟರಲ್ಲಿ ಬೆವರಿಗೆ ಮೀಸೆ ಇಳಿದು ಗಡ್ಡವಾಯಿತು. ಜನ ಹೊಟ್ಟೆ ಹಿಡಿದು ನಕ್ಕರು. ನಾಟಕದ ದಿನವೂ ಹೀಗಾದರೆ ಕಿರೀಟ ಬೇರೆಯವರಿಗೆ, ನೀನು ಬಾಗಿಲು ಕಾಯುವ ಭಟ ಎಂದು ಮೇಷ್ಟ್ರು ಖಡಾಖಂಡಿತವಾಗಿ ಹೇಳಿಬಿಟ್ಟರು. ಆ ದಿನ ಮಾವ ಊಟ ಮುಟ್ಟಲಿಲ್ಲ.

"ನನ್ ಕಾಡಿಗೇನೇ ಕಣೇ ಅವ್ರ ಮಾನ ತೆಗ್ದಿದ್ದು," ಎಂದು ಅತ್ತೆ ನನ್ನ ಹತ್ತಿರ ಹೇಳಿಕೊಂಡಳು.

ಮಸಿಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಬೆಣ್ಣೆ ಹಾಕುವ ಮೊದಲೇ ಜಿಡ್ಡು! ದೀಪದಲ್ಲಿ ಪೂರ್ತಿ ಉರಿಯದ ಎಣ್ಣೆ ಮಸಿಯೊಳಗೇ ಕೂತಿತ್ತು. ಹುರಿದು ಓಡಿಸೋಣವೆಂದು ಕಬ್ಬಿಣದ ಡಬ್ಬಿಗೆ ತುಂಬಿ ಕರಟದ ಕೆಂಡದ ಮೇಲಿಟ್ಟಳು. ನಮ್ಮತ್ತೆಗೆ ತಾಳ್ಮೆ ಎಲ್ಲಿಂದ ಬರಬೇಕು? ನಡುವೆಯೇ ಮುಚ್ಚಳ ತೆಗೆದಳು. ಗಾಳಿ ತಗುಲಿ ಮಸಿಯೆಲ್ಲ ಕೆಂಪಗೆ ಹೊತ್ತಿಕೊಂಡು, ಉಳಿದದ್ದು ಚಿಟಿಕೆ ಬೂದಿ. ಡಬ್ಬಿಗೂ ಬೈಗುಳ ಬಿತ್ತು, ಪಕ್ಕದಲ್ಲಿದ್ದ ನನಗೂ ಬಿತ್ತು.

ಮರುದಿನ ಮುಚ್ಚಳದ ಸುತ್ತ ಜೇಡಿಮಣ್ಣು ಮೆತ್ತಿ, ಹೊಗೆಗೆ ಸೂಜಿಯಷ್ಟು ತೂತು ಬಿಟ್ಟಳು. ಹೊಗೆ ನಿಂತ ಮೇಲೆ ತೂತನ್ನೂ ಮುಚ್ಚಿ, ಡಬ್ಬಿ ತಣ್ಣಗಾಗುವವರೆಗೆ ಮುಟ್ಟದೆ ಕೂತಳು. ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಒಳಗಿನ ಮಸಿ ಜಿಡ್ಡಿಲ್ಲದೆ ರಾಗಿಹಿಟ್ಟಿನಂತೆ ಉದುರುದುರಾಗಿತ್ತು. ಬೆಣ್ಣೆಯ ಬದಲು ಜೇನುಮೇಣ ಕರಗಿಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು ಕಲೆಸಿದಳು. ನನ್ನ ತೋಳಿಗೊಂದು ಗೆರೆ ಎಳೆದು ಚೊಂಬು ನೀರು ಸುರಿದಳು. ನೀರು ಜಾರಿ ಹೋಯಿತು, ಗೆರೆ ಇದ್ದಲ್ಲೇ ಇತ್ತು.

ನಾಟಕ ನಡೆದದ್ದು ಭಾನುವಾರ ಹಗಲು, ಶಾಲೆಯ ಬಯಲಿನಲ್ಲಿ, ಕಾದ ತಗಡಿನ ಚಪ್ಪರದ ಕೆಳಗೆ. ಮಾವನ ಗದ್ದದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಅತ್ತೆಯ ಕಣ್ಣು ಮೀಸೆ ಬಿಟ್ಟು ಕದಲಲಿಲ್ಲ. ಮೀಸೆಯೂ ಕದಲಲಿಲ್ಲ. ರಾಜ ಗರ್ಜಿಸಿದಾಗ ಮುಂದೆ ಕೂತಿದ್ದ ಮಕ್ಕಳು ಹಿಂದಕ್ಕೆ ಸರಿದವು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿ ಅತ್ತುಬಿಟ್ಟಳು.

ಪರದೆ ಬಿದ್ದ ಮೇಲೆ ಅವಳು ಕೊಬ್ಬರಿ ಎಣ್ಣೆಯ ಬಟ್ಟೆ ಹಿಡಿದು ಮೀಸೆ ಒರೆಸಲು ಹೋದಳು. ಮಾವ ಕೈ ತಡೆದ.

"ಇನ್ನೊಂದಿನ ಇರ್ಲಿ ಬುಡು, ಭೈರಿ."

ಬೇರೆ ದಿನವಾಗಿದ್ದರೆ ದಿಂಬು ಕಪ್ಪಾಗುತ್ತದೆಂದು ರಂಪ ಮಾಡುತ್ತಿದ್ದಳು. ಅಂದು ಬಟ್ಟೆ ಮಡಿಸಿಟ್ಟಳು.

ಮುಂದಿನ ಸಂತೆಗೆ ಹೊರಡುವಾಗ ಹೊಸ ಮೀಸೆ ಬರೆದವಳೂ ಅವಳೇ. ಚೀಲ ಹಿಡಿದ ಮಾವನನ್ನು ಕರೆದುಕೊಂಡು ನೇರವಾಗಿ ಕಲ್ಲಮ್ಮನ ಮುಂದೆ ನಿಂತಳು. ಕಲ್ಲಮ್ಮ ಎಂದಿನಂತೆ ಬಾಯಿ ತೆರೆದವಳು ಮಾವನ ಮುಖ ನೋಡಿ ಮಾತು ಬದಲಿಸಿದಳು.

"ಯಾರ್ ಭೈರಕ್ಕ ಇವ್ರು?"

ಅತ್ತೆ ಬೈಯಲಿಲ್ಲ. ಸೊಪ್ಪು ಆರಿಸುತ್ತ, ಸಂತೆಗೆಲ್ಲ ಕೇಳುವಂತೆ ಹೇಳಿದಳು: "ನಮ್ಮೋರು ಕಣೇ."